ಎಂಬತ್ತೊಂದು ಗುರುವಾರ

ಫೆಬ್ರವರಿ 6

ಮಗಳಿಗೆ,

ಇನ್ನು ಮುಂದೆ ಗುರುವಾರ ಗುರುವಾರ ನನ್ನ ಕಂಪ್ಯೂಟರ್ ಕಾಗದ ಬರುವುದಿಲ್ಲ. ಬರಲಿಲ್ಲ ಅಂದ ಕೂಡಲೇ ಮುದುಕಿ ಹೋದಳು ಎಂದುಕೊಳ್ಳಬೇಡ. ಹೋದದ್ದು ಯಂತ್ರ. ನಿನ್ನೆ ಬೆಳಿಗ್ಗೆ ಗುಂಡಿ ಒತ್ತಿದೆ, ಒಳಗಿನಿಂದ ಸುಟ್ಟ ವಾಸನೆ ಬಂತು, ಪರದೆ ಕಪ್ಪಗೇ ಉಳಿಯಿತು. ರಿಪೇರಿಯವನು ಬಂದು ಅದರ ಬೆನ್ನು ಬಿಚ್ಚಿದ. ನನಗೆ ಕಿವಿ ಕೇಳುವುದಿಲ್ಲ ಎಂದು ಯಾರೋ ಹೇಳಿದ್ದರು ಅಂತ ಕಾಣುತ್ತೆ, ಬಾಯಿ ದೊಡ್ಡದಾಗಿ ತೆರೆದು ನಿಧಾನವಾಗಿ ಹೇಳಿದ, ‘ಅಮ್ಮಾ, ಇದಕ್ಕೆ ವಯಸ್ಸಾಯ್ತು’ ಎಂದು. ವಯಸ್ಸು ನನಗೂ ಆಗಿದೆ, ಹಾಗಂತ ನನ್ನ ಬೆನ್ನು ಯಾರೂ ಬಿಚ್ಚಲಿಲ್ಲ.

ನಿವೃತ್ತಿಯ ದಿನ ಆಫೀಸಿನವರು ಗಡಿಯಾರದ ಬದಲು ಈ ಹಳೇ ಡಬ್ಬ ಕೊಟ್ಟಾಗ ನೀನು ನಕ್ಕಿದ್ದೆ. ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವಳಿಗೆ ಇನ್ನೇನು ಕೊಡುತ್ತಾರೆ? ಹನ್ನೆರಡು ಟೈಪ್‌ರೈಟರ್ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ನನ್ನ ಕಿವಿ ಇಟ್ಟುಕೊಂಡರು, ಒಂದು ಡಬ್ಬ ಕೊಟ್ಟು ಕಳಿಸಿದರು. ಫೋನಿನಲ್ಲಿ ಮಾತಾಡಲಾಗದವಳಿಗೆ ಆ ಡಬ್ಬವೇ ಬಾಯಿಯಾಗಿತ್ತು. ನೀನು ಹೋದ ಮೇಲೆ ಅದರ ಮುಂದೆ ಕೂತು ನಿನಗೆ ಎಂಬತ್ತೊಂದು ಕಾಗದ ಬರೆದೆ. ಜ್ವರ ಬಂದ ಐದು ವಾರ ಬಿಟ್ಟರೆ ಒಂದು ಗುರುವಾರವೂ ತಪ್ಪಿಸಿಲ್ಲ. ನೀನು ಒಂದಕ್ಕೂ ಉತ್ತರ ಬರೆಯಲಿಲ್ಲ. ಇರಲಿ. ಆ ಹಟ ನಿನಗೆ ಎಲ್ಲಿಂದ ಬಂತು ಎಂದು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಯ ವಿಳಾಸ ನಿನ್ನ ಮೊದಲ ಮೇಲ್‌ನ ಕೊನೆಯಲ್ಲಿತ್ತು. ಬರೆದಿಟ್ಟುಕೊಂಡಿದ್ದೆ. ಅಲ್ಲಿಗೇ ಈ ಕಾಗದ ಹಾಕುತ್ತಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಮಗುವನ್ನು ಏನೆಂದು ಕರೆಯುತ್ತೀರಿ? ಎಷ್ಟು ಸಲ ಕೇಳಿದರೂ ನೀನು ಹೇಳಲಿಲ್ಲ. ಹದಿನೆಂಟು ತಿಂಗಳ ಕೂಸನ್ನು ಮನಸ್ಸಿನಲ್ಲಿ ‘ಅದು, ಅದು’ ಅಂದುಕೊಂಡು ಸಾಕಾಗಿದೆ.

ಅಮ್ಮ

ಫೆಬ್ರವರಿ 15

ಅಮ್ಮ,

ನಿನ್ನ ಕಾಗದ ಬಂತು. ಲೆನ್ಸ್ ತಿಕ್ಕುವ ಚಕ್ರದ ಮುಂದೆ ಕೂತಿದ್ದೆ, ಮಾಲೀಕರು ತಂದು ಕೈಗಿಟ್ಟರು. ವಿಳಾಸದ ಅಕ್ಷರ ನೋಡಿದೊಡನೆ ಚಕ್ರ ನಿಲ್ಲಿಸಿಬಿಟ್ಟೆ. ಯಾರಿಗೋ ಏನೋ ಆಯಿತು ಎಂದುಕೊಂಡೆ.

ಯಾವ ಎಂಬತ್ತೊಂದು ಕಾಗದ? ನನಗೆ ಒಂದೂ ಬಂದಿಲ್ಲ.

ನಾನು ಮನೆ ಬಿಡುವಾಗ ನೀನು ಬಾಗಿಲಲ್ಲಿ ನಿಂತು ಏನು ಹೇಳಿದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ‘ಆ ಬಸ್ಸಿನವನ ಹಿಂದೆ ಹೋಗೋದಾದ್ರೆ ಹೋಗು, ಮತ್ತೆ ಈ ಮೆಟ್ಟಿಲು ಹತ್ತಬೇಡ.’ ಅದನ್ನೂ ನುಂಗಿಕೊಂಡು ಏಳು ತಿಂಗಳ ಹೊಟ್ಟೆ ಹೊತ್ತು ಆ ಜೂನ್ ತಿಂಗಳಲ್ಲಿ ನಾನೇ ಮೊದಲು ಮೇಲ್ ಬರೆದೆ. ಹೆರಿಗೆಗೆ ನಿನ್ನ ಹತ್ತಿರ ಬರಲೇ, ಬಾ ಅಂದರೆ ಬರುತ್ತೇನೆ, ಒಂದೇ ಮಾತು ಬರೆ ಎಂದು ಕೇಳಿದೆ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ನೋಡಿದೆ. ನಲವತ್ತು ದಿನ ನೋಡಿದೆ ಅಮ್ಮ. ಬೇಡ ಎಂದಾದರೂ ಬರೆಯಬಹುದಿತ್ತು.

ನೋವು ಶುರುವಾದ ದಿನ ಅವರು ಬಸ್ ತೆಗೆದುಕೊಂಡು ಹೋಗಿದ್ದರು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ಹೆಸರೂ ಸರಿಯಾಗಿ ಗೊತ್ತಿಲ್ಲದ ಹೆಂಗಸಿನ ಕೈ ಹಿಡಿದುಕೊಂಡು ಹೆತ್ತೆ. ಆಮೇಲೂ ಮನಸ್ಸು ತಡೆಯದೆ ‘ಹೆಣ್ಣು ಮಗು, ಇಬ್ಬರೂ ಕ್ಷೇಮ’ ಎಂದು ಬರೆದೆ. ಅದಕ್ಕೂ ಏನೂ ಇಲ್ಲ. ಈಗ ಎಂಬತ್ತೊಂದು ಬರೆದೆ ಅಂದರೆ ನಾನು ನಂಬಬೇಕೆ?

ಮಗುವಿಗೆ ಹೆಸರಿದೆ. ಈ ಕಾಗದದಲ್ಲಿ ಬರೆಯಲು ಕೈ ಬರುತ್ತಿಲ್ಲ.

ಮಗಳು

ಫೆಬ್ರವರಿ 24

ಮಗಳಿಗೆ,

ಸುಳ್ಳು ಹೇಳುವುದಕ್ಕೂ ಒಂದು ವಯಸ್ಸಿರುತ್ತೆ. ನನ್ನದು ದಾಟಿಹೋಗಿದೆ.

ನಿನ್ನ ಮೇಲ್ ಬಂದದ್ದು ಒಂದು ಗುರುವಾರ ಮಧ್ಯಾಹ್ನ ಒಂದೂವರೆಗೆ. ನಾಲ್ಕು ಹೊಡೆಯುವುದರೊಳಗೆ ಉತ್ತರ ಬರೆದಿದ್ದೆ. ‘ಬಾ’ ಎಂದೇ ಬರೆದೆ. ಮಿಕ್ಕದ್ದೂ ಇತ್ತು, ಅದನ್ನು ಈಗ ಮತ್ತೆ ಹೇಳಿ ಹೊಟ್ಟೆ ಉರಿಸಿಕೊಳ್ಳಲಾರೆ. ನೀನು ಕಾದದ್ದನ್ನು ಲೆಕ್ಕ ಹಾಕಿ ಹೇಳಿದೆಯಲ್ಲ, ನನ್ನದನ್ನೂ ಕೇಳು. ಹನ್ನೊಂದು ದಿನ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಯಾವ ಬಸ್ಸಿಗೆ ಬರುತ್ತಿ ಎಂದು ನೀನು ಬರೆದಿರಲಿಲ್ಲ, ಅದಕ್ಕೆ ಎಲ್ಲ ಬಸ್ಸಿಗೂ ನಿಂತೆ. ಹನ್ನೆರಡನೆಯ ದಿನ ಟಿಕೆಟ್ ಕೊಡುವವನು ಒಳಗಿನಿಂದ ಕುರ್ಚಿ ತಂದು ಹಾಕಿದ. ಪಾಪ ಅನ್ನುವ ಹಾಗೆ ನೋಡಿದ. ಆಮೇಲೆ ನಾನು ಆ ಕಡೆ ಹೋಗಲಿಲ್ಲ.

ಬರುವುದಿಲ್ಲ ಎಂದು ನೀನೂ ಒಂದು ಮಾತು ಬರೆಯಬಹುದಿತ್ತು ಎಂದುಕೊಂಡೆ. ನೋಡು, ಇಬ್ಬರೂ ಅಂದದ್ದು ಒಂದೇ ಮಾತು.

ಯಂತ್ರವನ್ನು ಹೋದ ಶನಿವಾರ ಹಳೇ ಸಾಮಾನಿನವನಿಗೆ ಕೊಟ್ಟೆ. ಒಳಗೆ ಏನಾದರೂ ಉಳಿಸಿಕೊಳ್ಳುವುದು ಇದೆಯೇ ಎಂದು ರಿಪೇರಿಯವನು ಕೇಳಿದ್ದ. ಎಲ್ಲ ಕಳಿಸಿ ಆಗಿದೆ, ಏನೂ ಇಲ್ಲ ಅಂದೆ. ಸಾಮಾನಿನವನು ಅದನ್ನು ತಳ್ಳುಗಾಡಿಯಲ್ಲಿ ಒಂದು ಮುರುಕು ಫ್ಯಾನಿನ ಪಕ್ಕ ಇಟ್ಟುಕೊಂಡು ಹೋದ. ಕಿಟಕಿಯಿಂದ ನೋಡಿದೆ, ಬೇಜಾರಾಯಿತು.

ಗ್ರಂಥಾಲಯದಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಕಲಿಸುತ್ತಾರಂತೆ, ಮಂಗಳವಾರ ಮತ್ತು ಶುಕ್ರವಾರ. ಸೇರಿಕೊಂಡಿದ್ದೇನೆ. ಅಂಚೆ ಕಾಗದ ಕಳೆದುಹೋದರೆ ಹೋಗಿ ಜಗಳವಾಡಲು ಒಂದು ಕಿಟಕಿ ಇರುತ್ತೆ. ಇದರಲ್ಲಿ ಕಳೆದುಹೋದರೆ ಯಾರ ಹತ್ತಿರ ಜಗಳವಾಡುವುದು ಎಂದು ತಿಳಿದುಕೊಳ್ಳಬೇಕು.

ಅಮ್ಮ

ಮಾರ್ಚ್ 5

ಅಮ್ಮ,

ಹನ್ನೊಂದು ದಿನ ಎಂದು ಬರೆದದ್ದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅವರಿಗೂ ಓದಿ ಹೇಳಿದೆ. ಬಟ್ಟಲು ತೊಳೆಯುತ್ತಾ ನಿಂತಿದ್ದವರು ತೊಳೆದ ಬಟ್ಟಲನ್ನೇ ಮತ್ತೆ ತೊಳೆದರು.

ಮಾಲೀಕರನ್ನು ಕೂರಿಸಿಕೊಂಡು ನನ್ನ ಮೇಲ್ ಪೆಟ್ಟಿಗೆಯನ್ನೆಲ್ಲ ಜಾಲಾಡಿದೆ. ಬೇಡದ ಮೇಲ್‌ಗಳು ಬೀಳುವ ಕಸದ ಬುಟ್ಟಿಯೊಂದಿರುತ್ತೆ, ಅದನ್ನೂ ತಿರುವಿ ಹಾಕಿದೆ. ಕೂದಲು ಬೆಳೆಸುವ ಎಣ್ಣೆಯವರ ಜಾಹೀರಾತು ಸಿಕ್ಕಿತು, ನಿನ್ನದು ಒಂದೂ ಸಿಗಲಿಲ್ಲ.

ಕಳೆದುಹೋಗುವುದು ಅಷ್ಟು ಸುಲಭವಲ್ಲ ಅಮ್ಮ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ಮಿಕ್ಕದ್ದನ್ನು ನಿನ್ನ ಗ್ರಂಥಾಲಯದ ಮೇಡಂ ಹೇಳಲಿ. ನೀನು ಬರೆದ ಕಾಗದ ಇಡಿಯಾಗಿ ಹೋಗುವುದಿಲ್ಲ. ಯಂತ್ರ ಅದನ್ನು ಚೂರು ಚೂರು ಮಾಡುತ್ತೆ. ಪ್ರತಿ ಚೂರಿನ ಮೇಲೂ ಎಲ್ಲಿಂದ, ಎಲ್ಲಿಗೆ, ಎಷ್ಟನೆಯ ಚೂರು ಎಂದು ಬರೆಯುತ್ತೆ. ಚೂರುಗಳು ಒಂದೇ ದಾರಿಯಲ್ಲಿ ಹೋಗಬೇಕೆಂದಿಲ್ಲ, ಯಾವ ದಾರಿ ಖಾಲಿಯಿದೆಯೋ ಅದರಲ್ಲಿ ನುಗ್ಗುತ್ತವೆ. ಆ ಕಡೆಯ ಯಂತ್ರ ಎಣಿಸಿ ಜೋಡಿಸುತ್ತೆ. ಏಳನೆಯದು ಬರಲಿಲ್ಲ ಅಂದರೆ ಏಳನೆಯದು ಎಲ್ಲಿ ಎಂದು ಕೇಳಿ ಮತ್ತೆ ತರಿಸಿಕೊಳ್ಳುತ್ತೆ. ವಿಳಾಸ ತಪ್ಪಿದ್ದರೆ ಸಾಮಾನ್ಯವಾಗಿ ಕಾಗದ ವಾಪಸ್ ಬರುತ್ತೆ.

ದಾರಿ ಅಂದರೆ ತಂತಿ. ದೂರದ ದಾರಿಗಳು ಗಾಜಿನ ಎಳೆ, ನೆಲದೊಳಗೂ ಸಮುದ್ರದ ತಳದಲ್ಲೂ ಹಾಕಿರುತ್ತಾರೆ. ಕೂದಲಿನಷ್ಟು ತೆಳ್ಳಗಿನ ಗಾಜು. ದಿನವಿಡೀ ಗಾಜು ತಿಕ್ಕುವ ನನಗೆ ಇದನ್ನು ನಂಬಲು ಒಂದು ವಾರ ಬೇಕಾಯಿತು. ಅದರೊಳಗೆ ಅಕ್ಷರ ಹೋಗುವುದಿಲ್ಲ, ಬೆಳಕು ಹೋಗುತ್ತೆ. ಬೆಳಕು ಹತ್ತುವುದು, ಆರುವುದು, ಅಷ್ಟೇ. ಎಷ್ಟು ಸಲ ಹೇಗೆ ಹತ್ತಿ ಆರಿದರೆ ಯಾವ ಅಕ್ಷರ ಎಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರುತ್ತಾರೆ.

ಹಾಗಿರುವಾಗ ಎಂಬತ್ತೊಂದು ಸಲ, ಒಂದೂ ಬಿಡದೆ, ಒಂದೂ ವಾಪಸ್ ಬಾರದೆ ಕಳೆದುಹೋಗುವುದಿಲ್ಲ. ನೀನು ಸುಳ್ಳು ಹೇಳುತ್ತೀ ಎನ್ನುತ್ತಿಲ್ಲ. ಹೋದ ಸಲ ಅಂದೆ, ತಪ್ಪಾಯಿತು. ಡಬ್ಬದ ಹೊದಿಕೆ ತೆಗೆಯುವುದರಿಂದ ಮತ್ತೆ ಹೊದಿಕೆ ಹೊದಿಸುವ ತನಕ ನೀನು ಏನೇನು ಮಾಡುತ್ತಿದ್ದೆ, ಒಂದೂ ಬಿಡದೆ ಬರೆ.

ನಿನ್ನ ಮಗಳು

ಮಾರ್ಚ್ 14

ಮಗಳೇ,

ನಿನ್ನ ಚೂರುಗಳ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಮೇಡಂ ‘ಸರಿಯಾಗಿ ಹೇಳಿದ್ದಾರೆ’ ಅಂದರು. ನಮ್ಮ ಮಗಳು ಅಂತ ಹೇಳಿಕೊಂಡೆ, ತಪ್ಪೇನಿಲ್ಲವಲ್ಲ.

ತರಗತಿಯಲ್ಲಿ ಆರು ಜನ. ನನ್ನ ಪಕ್ಕದಲ್ಲಿ ಒಬ್ಬ ಗಡಿಯಾರ ರಿಪೇರಿಯವರು. ಮೌಸನ್ನು ಎರಡೇ ಬೆರಳಲ್ಲಿ, ಉಸಿರು ಬಿಗಿಹಿಡಿದು ಎತ್ತುತ್ತಾರೆ. ಎತ್ತಬಾರದು, ಜಾರಿಸಬೇಕು ಎಂದು ಮೇಡಂ ಹೇಳಿ ಹೇಳಿ ಸೋತರು. ನನ್ನ ಬೆರಳು ಕೀಲಿಗಳ ಮೇಲೆ ಓಡುವುದನ್ನು ನೋಡಿ ಅವರೆಲ್ಲ ಬಾಯಿ ಬಿಟ್ಟರು. ಆದರೆ ಪ್ರತಿ ಸಾಲಿನ ಕೊನೆಗೆ ನಾನು ದೊಡ್ಡ ಕೀಲಿ ಹೊಡೆದು ಹೊಸ ಸಾಲಿಗೆ ಹೋಗುತ್ತೇನಂತೆ, ಅದು ತಾನೇ ಹೋಗುತ್ತಂತೆ. ಇಷ್ಟು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತಾ?

ಈ ವಾರ ಕಲಿತದ್ದು ಮೇಜು ಮತ್ತು ಬೀರು. ಟೈಪ್ ಮಾಡುವಾಗ ಅಕ್ಷರಗಳು ಮೇಜಿನ ಮೇಲಿರುತ್ತವೆ, ಕರೆಂಟು ಹೋದರೆ ಮೇಜು ಖಾಲಿ. ಉಳಿಸು ಎಂದರೆ ಬೀರುವಿಗೆ ಹೋಗುತ್ತವೆ, ಅಲ್ಲಿ ಕರೆಂಟು ಇಲ್ಲದೆಯೂ ಇರುತ್ತವೆ. ಇದು ನನಗೆ ಅರ್ಥವಾಯಿತು.

ಇನ್ನು ನೀನು ಕೇಳಿದ್ದು. ನೀನು ಇಲ್ಲಿದ್ದಾಗ ಒಂದು ಭಾನುವಾರ ಮೇಲ್ ಕಳಿಸುವುದನ್ನು ಕಲಿಸಿದೆಯಲ್ಲ, ಆಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಹಾಗೇ ಇಳಿಸುತ್ತೇನೆ. ಒಂದು, ಹೊದಿಕೆ ತೆಗೆಯುವುದು. ಎರಡು, ಗೋಡೆಯ ಸ್ವಿಚ್ಚು. ಮೂರು, ಡಬ್ಬದ ಗುಂಡಿ. ನಾಲ್ಕು, ಪರದೆಯ ಗುಂಡಿ. ಐದು, ಹೋಗಿ ಒಂದು ಲೋಟ ನೀರು ಕುಡಿದು ಬರುವುದು. ಆರು, ಲಕೋಟೆಯ ಚಿತ್ರದ ಮೇಲೆ ಎರಡು ಸಲ ಒತ್ತುವುದು. ಏಳು, ಪಾಸ್‌ವರ್ಡ್. ಎಂಟು, ಹೊಸ ಪತ್ರ. ಒಂಬತ್ತು, ಮಗಳ ವಿಳಾಸ. ಹತ್ತು, ವಿಷಯ. ಹನ್ನೊಂದು, ಪತ್ರ. ಹನ್ನೆರಡು, ಓದಿ ನೋಡಿ ತಪ್ಪು ತಿದ್ದುವುದು.

ಅಷ್ಟೇ ಇದೆ. ಆಮೇಲೆ ಮೂಲೆಯ ಗುಣಾಕಾರದ ಗುರುತು ಒತ್ತಿ, ಎಲ್ಲ ಆರಿಸಿ, ಹೊದಿಕೆ ಹೊದಿಸುತ್ತಿದ್ದೆ. ಕಾಗದ ಹೋಯಿತೇ ಎಂದು ಕಣ್ಣುಮುಚ್ಚಿ ನಂಬುವವಳಲ್ಲ ನಾನು. ಎಡಗಡೆಯ ಪಟ್ಟಿಯಲ್ಲಿ ಡ್ರಾಫ್ಟ್ಸ್, ಅಂದರೆ ಕರಡುಗಳು, ಎಂಬುದರ ಪಕ್ಕ ಅಂಕಿ ಇರುತ್ತಿತ್ತು, ವಾರಕ್ಕೊಂದು ಏರುತ್ತಿತ್ತು. ಆಫೀಸಿನಲ್ಲಿ ಕರಡು ಕಡತದಲ್ಲಿ ಉಳಿಯುತ್ತೆ, ಶುದ್ಧ ಪ್ರತಿ ಹೊರಗೆ ಹೋಗುತ್ತೆ. ಕರಡು ಕಡತಕ್ಕೆ ಬಂತು ಅಂದರೆ ಕಾಗದ ಹೋಗಿದೆ ಎಂದೇ ಲೆಕ್ಕ. ನಾನು ಟೈಪ್ ಮಾಡಿ ಬಲಗಡೆಯ ತಟ್ಟೆಯಲ್ಲಿ ಇಡುತ್ತಿದ್ದೆ, ರವಾನೆ ಗುಮಾಸ್ತ ಬಂದು ಎತ್ತಿಕೊಂಡು ಹೋಗುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ನನ್ನ ಕೈಯಾರೆ ಅಂಚೆಗೆ ಹಾಕಿಲ್ಲ, ಒಂದೂ ತಲುಪದೆ ಉಳಿದಿಲ್ಲ. ಈಗ ಹೇಳು, ತಪ್ಪು ನನ್ನದೋ ನಿನ್ನ ಗಾಜಿನ ಎಳೆಯದೋ.

ಅಮ್ಮ

ಮಾರ್ಚ್ 21

ಅಮ್ಮ,

ಕಂಪ್ಯೂಟರಿನಲ್ಲಿ ರವಾನೆ ಗುಮಾಸ್ತ ಇಲ್ಲ.

ಹದಿಮೂರನೆಯದೊಂದಿದೆ. ಪತ್ರದ ಕೆಳಗೆ ‘ಸೆಂಡ್’ ಎಂಬ ಗುಂಡಿ. ಬರೆದವರೇ ಅದನ್ನು ಒತ್ತಬೇಕು. ಒತ್ತದಿದ್ದರೆ ಕಾಗದ ಚೂರಾಗುವುದಿಲ್ಲ, ಗಾಜಿನೊಳಗೆ ಇಳಿಯುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಕರಡಾಗಿ ಕೂತಿರುತ್ತೆ. ನೀನು ನೋಡುತ್ತಿದ್ದ ಅಂಕಿ ಹೋದ ಕಾಗದಗಳದ್ದಲ್ಲ, ಹೋಗದೆ ಉಳಿದವುಗಳದ್ದು.

ಆ ಭಾನುವಾರ ನೆನಪಾಯಿತು. ನೀನು ನನ್ನನ್ನು ತಡೆದು ತಡೆದು ಬರೆದುಕೊಳ್ಳುತ್ತಿದ್ದೆ. ನನಗೆ ಹೊರಗೆ ಹೋಗುವ ಅವಸರ. ಎಲ್ಲಿಗೆ ಎಂದು ಆಗ ನಿನಗೆ ಹೇಳಿರಲಿಲ್ಲ, ಅವರ ಬಸ್ಸು ಐದಕ್ಕೆ ನಿಲ್ದಾಣಕ್ಕೆ ಬರುತ್ತಿತ್ತು. ಹನ್ನೆರಡನೆಯದನ್ನು ನೀನು ಬರೆಯುತ್ತಿರುವಾಗಲೇ ನಿನ್ನ ಭುಜದ ಮೇಲಿಂದ ಕೈ ಚಾಚಿ ಆ ಗುಂಡಿಯನ್ನು ನಾನೇ ಒತ್ತಿಬಿಟ್ಟೆ. ‘ಹೋಯ್ತು ನೋಡಮ್ಮ’ ಅಂದೆ. ನೀನು ತಲೆಯಾಡಿಸಿ ಪೆನ್ನಿನ ಮುಚ್ಚಳ ಹಾಕಿದೆ.

ಇನ್ನೊಂದು ನಿಮಿಷ ಕೂತಿದ್ದರೆ ಸಾಕಿತ್ತು.

ನಿನ್ನ ಮಗಳು

ಏಪ್ರಿಲ್ 12

ಅಮ್ಮ,

ಮೂರು ವಾರವಾಯಿತು, ನಿನ್ನ ಕಾಗದ ಇಲ್ಲ. ಅಂಚೆಯವನು ಅಂಗಡಿ ದಾಟಿ ಹೋದರೆ ಹಿಂದೆಯೇ ಹೋಗಿ ಕೇಳುತ್ತೇನೆ. ಅವನಿಗೂ ನನ್ನನ್ನು ಕಂಡರೆ ಪಾಪ ಅನ್ನಿಸಲು ಶುರುವಾಗಿದೆ. ಕುರ್ಚಿಯೊಂದು ತಂದು ಹಾಕುವುದು ಬಾಕಿ.

ಯಂತ್ರವನ್ನು ತಳ್ಳುಗಾಡಿಗೆ ಹಾಕಿ ಕಳಿಸಿದೆ, ಕಾಗದಗಳೂ ಅದರ ಜೊತೆ ಹೋದವು ಎಂದು ನೀನು ಕೊರಗುತ್ತಿರಬಹುದು. ಇಲ್ಲ ಅಮ್ಮ. ನೀನು ಹೇಳಿದ ಮೇಜೂ ಬೀರುವೂ ನಿನ್ನ ಡಬ್ಬದೊಳಗಿನವು. ಮೇಲ್ ಇರುವುದು ಆ ಬೀರುವಿನಲ್ಲಲ್ಲ. ಅದು ಎಲ್ಲೋ ದೂರದ ಒಂದು ಕಟ್ಟಡದಲ್ಲಿರುತ್ತೆ. ಪರದೆಯಿಲ್ಲದ, ಕೀಲಿಮಣೆಯಿಲ್ಲದ ಯಂತ್ರಗಳು ಅಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಬಿಸಿಯಾಗದ ಹಾಗೆ ತಣ್ಣನೆಯ ಗಾಳಿ ಬಿಟ್ಟಿರುತ್ತಾರೆ. ಎಲ್ಲರ ಕಾಗದವೂ ಅಲ್ಲೇ. ನಿನ್ನ ಡಬ್ಬ ಬರೀ ಕಿಟಕಿಯಾಗಿತ್ತು. ಕಿಟಕಿ ಒಡೆದರೆ ಇನ್ನೊಂದು ಕಿಟಕಿಯಿಂದ ನೋಡಬಹುದು. ಗ್ರಂಥಾಲಯದ ಯಾವ ಕಂಪ್ಯೂಟರಿನಲ್ಲಾದರೂ ನಿನ್ನ ವಿಳಾಸ, ಪಾಸ್‌ವರ್ಡ್ ಹೊಡೆ, ಅವು ಅಲ್ಲಿರುತ್ತವೆ.

ಹೋಗಿ ನೋಡು. ಅಮ್ಮ, ನನಗೆ ಅವು ಬೇಕು.

ಇನ್ನೊಂದು. ಅವಳನ್ನು ಪಿಳಿಪಿಳಿ ಎಂದು ಕರೆಯುತ್ತೇವೆ. ಹುಟ್ಟಿದ ದಿನದಿಂದ ಎಲ್ಲವನ್ನೂ ಕಣ್ಣು ಪಿಳಿಪಿಳಿ ಬಿಟ್ಟು ನೋಡುತ್ತಾಳೆ. ಅಂಗಡಿಗೆ ಕರೆತಂದರೆ ಚೌಕಟ್ಟಿಲ್ಲದ ಗಾಜುಗಳನ್ನು ಕಣ್ಣಿಗೆ ಹಿಡಿದುಕೊಂಡು ಗಿರಾಕಿಗಳನ್ನು ನಗಿಸುತ್ತಾಳೆ. ದಾಖಲೆಯಲ್ಲಿ ಬರೆಸಿದ ಹೆಸರು ಬೇರೆ. ಅದು ನಿನ್ನ ಹೆಸರು. ಬರೆಸುವಾಗ ನಿನ್ನ ಮೇಲೆ ತುಂಬಾ ಸಿಟ್ಟಿತ್ತು, ಆದರೂ ಬೇರೆ ಹೆಸರು ಬಾಯಿಗೆ ಬರಲಿಲ್ಲ. ಕೂಗಿ ಕರೆಯಲು ಮಾತ್ರ ಆಗಲಿಲ್ಲ. ಅದಕ್ಕೇ ಪಿಳಿಪಿಳಿ.

ನಿನ್ನ ಮಗಳು

ಏಪ್ರಿಲ್ 24

ಮಗಳೇ,

ನಾಚಿಕೆಯಾಗಿ ಬರೆಯಲಿಲ್ಲ. ಒಂದು ಅಲ್ಪವಿರಾಮ ತಪ್ಪದ ಹಾಗೆ ಊರಿನವರ ಕಾಗದವನ್ನೆಲ್ಲ ಟೈಪ್ ಮಾಡಿದವಳು, ಹೆತ್ತ ಮಗಳಿಗೆ ಬರೆದದ್ದನ್ನು ಮೇಜಿನ ಮೇಲೇ ಬಿಟ್ಟು ಎದ್ದೆನಲ್ಲ. ನೀನು ಯಾರದೋ ಕೈ ಹಿಡಿದು ಹೆರುವಾಗ ನಾನು ಇಲ್ಲಿ ಹೊದಿಕೆಯ ಸುಕ್ಕು ಸರಿಮಾಡುತ್ತಿದ್ದೆ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ನೆನಪಾದರೂ ಕಣ್ಣು ತುಂಬಿಕೊಳ್ಳುತ್ತೆ. ನಿನ್ನ ಮೇಲೆ ತಪ್ಪು ಹೊರಿಸಿಕೊಳ್ಳಬೇಡ. ಕೈ ಚಾಚಿದವಳು ನೀನು, ಅದೇನು ಒತ್ತಿದೆ ಎಂದು ಕೇಳದವಳು ನಾನು.

ಮಗುವಿನ ಹೆಸರು ಓದಿದ ದಿನ ಎದ್ದು ಗ್ರಂಥಾಲಯಕ್ಕೆ ಹೋದೆ. ತರಗತಿಯ ದಿನವಲ್ಲದಿದ್ದರೂ ಮೇಡಂ ಕೂರಿಸಿದರು. ಪಾಸ್‌ವರ್ಡ್ ನೆನಪಾಗಲಿಲ್ಲ. ಅದನ್ನು ಎಲ್ಲೂ ಬರೆದಿಡಬಾರದು ಎಂದು ನೀನೇ ಹೇಳಿದ್ದೆ, ನಾನು ಬರೆದಿಟ್ಟಿರಲಿಲ್ಲ. ಎರಡು ಸಲ ಯೋಚಿಸಿ ಯೋಚಿಸಿ ಹೊಡೆದೆ, ಎರಡು ಸಲವೂ ತಪ್ಪು. ಇನ್ನೂ ತಪ್ಪಿದರೆ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತೆ ಎಂದು ಮೇಡಂ ಚೀಟಿಯಲ್ಲಿ ಬರೆದು ತೋರಿಸಿದರು. ಆಮೇಲೆ ನನ್ನ ಮುಖ ನೋಡಿ, ಮೊಮ್ಮಗಳಿಗೆ ಎಷ್ಟು ವಯಸ್ಸು ಎಂದು ಬರೆದು ಕೇಳಿದರು. ಅವರ ಕಡೆ ತಿರುಗಿ ಪಿಳಿಪಿಳಿಯ ವಿಷಯ ಹೇಳುತ್ತಿದ್ದೆ. ಹೇಳುತ್ತಿರುವಾಗಲೇ ಬೆರಳು ತಾನಾಗಿ ಹೊಡೆದು ಮುಗಿಸಿತ್ತು. ತಲೆಗೆ ಮರೆತದ್ದು ಬೆರಳಿಗೆ ಗೊತ್ತಿತ್ತು. ಪೆಟ್ಟಿಗೆ ತೆರೆಯಿತು.

ಇವೆ. ಎಂಬತ್ತೊಂದೂ ಇವೆ. ಸಾಯಂಕಾಲ ಬಾಗಿಲು ಹಾಕುವ ತನಕ ಕೂತು ಓದಿದೆ. ಒಂಬತ್ತನೆಯದು ನೀನು ‘ಹೆಣ್ಣು ಮಗು’ ಎಂದು ಬರೆದ ವಾರದ್ದು. ‘ನೀನು ಬರದಿದ್ದರೆ ಬೇಡ, ನಾನೇ ಬರಲೇ?’ ಎಂದು ಕೇಳಿದ್ದೇನೆ. ನೀನು ಉತ್ತರ ಬರೆಯಲಿಲ್ಲವೆಂದು ನಾನು ಬರಲಿಲ್ಲ.

ಹದಿನಾಲ್ಕರಿಂದ ಇಪ್ಪತ್ತರವರೆಗಿನವು ಬೇರೆ. ಅವುಗಳಲ್ಲಿ ನಿನ್ನ ಗಂಡನನ್ನು ಏನೇನೋ ಅಂದಿದ್ದೇನೆ. ನಿನ್ನನ್ನೂ ಬಿಟ್ಟಿಲ್ಲ. ಹಡೆದವಳು ಅನ್ನಬಾರದ ಮಾತು ಹದಿನಾಲ್ಕನೆಯದರಲ್ಲಿದೆ. ಇವು ಹೋಗದಿದ್ದದ್ದೇ ಒಳ್ಳೆಯದಾಯಿತೇನೋ ಅನ್ನಿಸಿತು.

ಮೊದಲನೆಯದನ್ನು ತೆರೆದು ಬಾಣದ ಗುರುತನ್ನು ಆ ಗುಂಡಿಯ ಮೇಲೆ ತಂದು ನಿಲ್ಲಿಸಿದೆ. ಒತ್ತಿದ ಮೇಲೆ ವಾಪಸ್ ತರಲಾಗುವುದಿಲ್ಲ ಎಂದು ಮೇಡಂ ಹೇಳಿದ್ದರು. ಕೈ ಏಳಲಿಲ್ಲ. ಇಪ್ಪತ್ತೆರಡು ತಿಂಗಳಾದ ಮೇಲೆ ‘ಬಾ’ ಎಂದರೆ ಅದಕ್ಕೇನು ಅರ್ಥ? ನೀನು ಬಂದು ಏನು ಮಾಡುತ್ತೀ? ಹೆರಿಗೆ ಮುಗಿದಿದೆ. ಮಗು ನಡೆಯುತ್ತಿದೆ. ಮೂಲೆಯ ಗುರುತು ಒತ್ತಿ ಎದ್ದು ಬಂದೆ.

ಅಮ್ಮ

ಮೇ 3

ಅಮ್ಮ,

ಎಲ್ಲ ಕಳಿಸು ಎನ್ನುವುದಿಲ್ಲ. ಹದಿನಾಲ್ಕನೆಯದು ಬೇಕಾದರೆ ನಿನ್ನ ಹತ್ತಿರವೇ ಇರಲಿ. ನಿನ್ನ ಅಳಿಯನಿಗೆ ಮಾತ್ರ ಅದನ್ನು ಓದುವ ಆಸೆ. ಬಸ್ಸು ಒಂದು ಗಂಟೆ ತಡವಾದರೆ ಪ್ರಯಾಣಿಕರು ಅನ್ನುವುದಕ್ಕಿಂತ ಅತ್ತೆ ಹೆಚ್ಚೇನೂ ಅಂದಿರಲಾರರು ಎನ್ನುತ್ತಾರೆ.

ನಾನೂ ಬರೆದಿದ್ದೇನೆ ಅಮ್ಮ, ಮನಸ್ಸಿನಲ್ಲಿ. ಆ ನಲವತ್ತು ದಿನ ನಿನಗೆ ಹೇಳಿಕೊಂಡದ್ದನ್ನೆಲ್ಲ ಟೈಪ್ ಮಾಡಿದ್ದರೆ ನಿನ್ನ ಹದಿನಾಲ್ಕನೆಯದು ತಲೆತಗ್ಗಿಸಬೇಕಿತ್ತು.

ಅದಕ್ಕೇನು ಅರ್ಥ ಎಂದು ಕೇಳಿದೆಯಲ್ಲ. ಹೆರಿಗೆಗೆ ಜಾಗ ಬೇಕೆಂದು ನಾನು ಆಗ ಬರೆದದ್ದಲ್ಲ. ಹೆರುವ ಜಾಗ ಎಲ್ಲಾದರೂ ಸಿಗುತ್ತೆ, ಸಿಕ್ಕಿತು. ನನ್ನ ಅಮ್ಮ ನನ್ನನ್ನು ಮತ್ತೆ ಒಳಗೆ ಕರೆಯುತ್ತಾಳೋ ಇಲ್ಲವೋ ತಿಳಿಯಬೇಕಿತ್ತು. ಈಗಲೂ ತಿಳಿಯಬೇಕು. ನೀನು ‘ಬಾ’ ಎಂದು ಬರೆದಿದ್ದೆ ಎಂದು ಈ ಕಾಗದಗಳಲ್ಲಿ ಓದಿದ್ದೇನೆ, ನಿಜ. ಆದರೆ ಅದು ಸುದ್ದಿ. ಅದನ್ನು ನೀನು ನನಗೆ ಇನ್ನೂ ಕಳಿಸಿಲ್ಲ.

ಇವತ್ತು ನಿನ್ನ ಪೆಟ್ಟಿಗೆಗೆ ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿದ್ದೇನೆ. ನಾನು ಬರಲೇ? ಅಷ್ಟೇ ಇದೆ. ನಾಳೆಯಿಂದ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ಕುರ್ಚಿಯಲ್ಲಿ ಕೂತಿರುತ್ತೇನೆ. ಈ ಸಲ ಪಿಳಿಪಿಳಿ ತೊಡೆಯ ಮೇಲಿರುತ್ತಾಳೆ. ಹೊಸದಾಗಿ ಬರೆಯಬೇಡ. ಮೊದಲನೆಯದನ್ನೇ ಕಳಿಸು, ಒಂದಕ್ಷರ ತಿದ್ದದೆ.

ನಿನ್ನ ಮಗಳು

(ಮೇಲ್‌ನಲ್ಲಿ ಬಂದದ್ದು: ಮೇ 14, ಗುರುವಾರ, ಮಧ್ಯಾಹ್ನ 1.10)

ದಿನಾಂಕ: ಜೂನ್ 13
ವಿಷಯ: ನಿನ್ನ ಪ್ರಶ್ನೆಗೆ ಉತ್ತರ

ಮಗಳೇ,

ಬಾ.

ಬಾಗಿಲಲ್ಲಿ ಅಂದದ್ದನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಾ. ನಾನು ಅದನ್ನು ಅಂದ ದಿನವೇ ನುಂಗಿಕೊಂಡೆ, ನಿನಗೆ ಹೇಳಲು ಮುಖವಿರಲಿಲ್ಲ. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟಿನಲ್ಲಿ ಕೂರಬೇಡ, ಕುಲುಕುತ್ತೆ. ಭಾರ ಎತ್ತಬೇಡ, ನಿನ್ನ ಹಳೇ ಬಟ್ಟೆಯೆಲ್ಲ ಇಲ್ಲೇ ಇದೆ.

ನಿನ್ನ ಮಂಚವನ್ನು ಕಿಟಕಿಯ ಹತ್ತಿರ ಎಳೆದಿದ್ದೇನೆ. ಒಬ್ಬಳೇ ಎಳೆದೆ, ಸೊಂಟ ಹಿಡಿದುಕೊಂಡಿದೆ, ಬಂದು ಬೈ. ಒಂದೇ ಯೋಚನೆಯಾಗಿತ್ತು. ನನಗೆ ಕಿವಿ ಕೇಳುವುದಿಲ್ಲ, ನಿನಗೆ ನೋವು ಬಂದು ಕೂಗಿದರೆ ಗೊತ್ತಾಗುವುದಿಲ್ಲ. ಅದಕ್ಕೆ ನಿನ್ನ ಮಂಚದ ಕಾಲಿನಿಂದ ಒಂದು ಹಗ್ಗ ತಂದು ನನ್ನ ದಿಂಬಿನ ಹತ್ತಿರ ಕಟ್ಟಿದ್ದೇನೆ. ಮಲಗುವಾಗ ಆ ತುದಿಯನ್ನು ನನ್ನ ಕೈಗೆ ಸುತ್ತಿಕೊಳ್ಳುತ್ತೇನೆ. ನೀನು ಎಳೆದರೆ ಸಾಕು, ಎದ್ದು ಬರುತ್ತೇನೆ.

ಅಮ್ಮ

ತಿದ್ದುಪಡಿ, ದಿನಾಂಕ ಮೇ 14: ಮೇಲ್ಕಂಡ ಪತ್ರದಲ್ಲಿ ‘ಬಾ’ ಎಂದಿರುವುದನ್ನು ‘ಮೂವರೂ ಬನ್ನಿ’ ಎಂದು ಓದಿಕೊಳ್ಳತಕ್ಕದ್ದು. ಉಳಿದಂತೆ ಯಾವ ಬದಲಾವಣೆಯೂ ಇಲ್ಲ. ಹಗ್ಗ ಇನ್ನೂ ಬಿಚ್ಚಿಲ್ಲ.